ದ್ವೀಪದ ಮೇಲಿನ ಶಿಲುಬೆ



ಬೈಂದೂರು, ಕುಂದಾಪುರ, ಬ್ರಹ್ಮಾವರ ಕಡೆಯ ನಮ್ಮ ಕುಟುಂಬಗಳು ರಜೆಯಲ್ಲಿ ಮಲ್ಪೆಯಿಂದ ದೋಣಿ ಹತ್ತಿ ಸೈಂಟ್ ಮೇರಿಸ್ ದ್ವೀಪಕ್ಕೆ ಹೋಗುವುದುಂಟು. ಮಕ್ಕಳ ಕಣ್ಣು ಮೊದಲು ಬೀಳುವುದು ಷಟ್ಕೋನದ ಕಲ್ಲುಕಂಬಗಳ ಮೇಲೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾರಸ ತಣಿಯುತ್ತ ಕುಗ್ಗಿ, ಬಿರಿದು ಹಾಗಾಯಿತು. (ಅಲ್ಲಿ ಊಟದ ಪೊಟ್ಟಣ ಬಿಸಾಡಬೇಡಿ ಎಂದು ಬೇರೆ ಹೇಳಬೇಕೆ?)

ಹೆಸರು ಬಂದದ್ದು ಆಮೇಲೆ. 1498ರಲ್ಲಿ ವಾಸ್ಕೊ ಡ ಗಾಮಾ ಮಾತೆ ಮರಿಯಮ್ಮನವರ ಹೆಸರಿನಲ್ಲಿ ಇಲ್ಲೊಂದು ಕಲ್ಲಿನ ಸ್ತಂಭ ನೆಡಿಸಿದನೆಂದು ಪ್ರತೀತಿ. ಅಂಥ ಸ್ತಂಭಗಳಲ್ಲಿ ಶಿಲುಬೆಯ ಜೊತೆಗೆ ಪೋರ್ಚುಗಲ್ ಅರಸನ ಲಾಂಛನವೂ ಇರುತ್ತಿತ್ತು. ಪ್ರಾಣ ಕೊಟ್ಟ ಪ್ರಭುವಿನ ಗುರುತಿನೊಂದಿಗೆ ನೆಲ ಬಯಸಿದ ದೊರೆಯ ಗುರುತು! ಇವೆರಡೂ ಬೇರೆಯೆಂದು ಮಕ್ಕಳಿಗೆ ನಾವೇ ತಿಳಿಸಿಕೊಡಬೇಕು.

ಇನ್ನೊಂದು ದಿನ ಅವರನ್ನು ಕುಂದಾಪುರದ ರೋಜರಿ ಮಾತೆಯ ಇಗರ್ಜಿಗೆ ಕರೆದೊಯ್ಯಿರಿ. 1570ರಷ್ಟು ಹಳೆಯ ಧರ್ಮಕೇಂದ್ರವದು. 1681ರಲ್ಲಿ ಗೋವೆಯಿಂದ ಕೆನರಾಕ್ಕೆ ಬಂದ ಸಂತ ಜೋಸೆಫ್ ವಾಜರು ಈ ಊರಿನಲ್ಲೂ ಸೇವೆ ಸಲ್ಲಿಸಿದರು. 1687ರಲ್ಲಿ, ಡಚ್ಚರು ಕಥೋಲಿಕ ಗುರುಗಳಿಗೆ ಬಾಗಿಲು ಮುಚ್ಚಿದ್ದ ಸಿಂಹಳ ದ್ವೀಪಕ್ಕೆ ಹೋದಾಗ ಅವರ ಬೆನ್ನಿಗೆ ಯಾವ ಅರಸನೂ ಇರಲಿಲ್ಲ. ಮೈಮೇಲೆ ಭಿಕ್ಷುಕನ ವೇಷ, ಕೊರಳಲ್ಲಿ ಜಪಸರ. ಜಾಫ್ನಾದಲ್ಲಿ ಮನೆಮನೆಗೆ ಬೇಡುತ್ತ ಹೋದ ಅವರನ್ನು ಕಥೋಲಿಕರು ಗುರುತಿಸಿ ಒಳಗೆ ಕರೆದದ್ದು ಆ ಜಪಸರದಿಂದ.