ಹದಿನಾಲ್ಕನೆಯ ದಿನದಿಂದ

ಮಗೂ, ದೇವರ ಮುಂದೆ ಕೂತರೂ ಮನಸ್ಸು ಕಲ್ಲಿನ ಹಾಗಿರುತ್ತದೆ, ದೀಪ ಹಚ್ಚುವುದೂ ನಾಟಕ ಅನ್ನಿಸುತ್ತದೆ ಅಂದೆಯಲ್ಲ, ಅದಕ್ಕೆ ಹೆದರಬೇಡ. ಸಾವಾದ ಮನೆಯಲ್ಲಿ ಹದಿಮೂರು ದಿನ ಜನ ಇರುತ್ತಾರೆ, ಕರ್ಮದ ಕೆಲಸ ಇರುತ್ತದೆ, ಅಡುಗೆಯವರಿಗೆ ಹೇಳುವುದಿರುತ್ತದೆ. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮೇಲೆ, ಹದಿನಾಲ್ಕನೆಯ ದಿನದಿಂದ ಹೇಗಿರಬೇಕು ಎಂದು ಯಾವ ಪುರೋಹಿತರೂ ಹೇಳಿಕೊಡುವುದಿಲ್ಲ. ನೀನೀಗ ಅಲ್ಲಿದ್ದೀಯೆ.

ಕವಿ ಡಿ.ವಿ. ಗುಂಡಪ್ಪನವರೂ ಅಲ್ಲಿದ್ದವರೇ. ಅವರ ಪತ್ನಿ ಭಾಗೀರಥಮ್ಮ ತೀರಿಕೊಂಡದ್ದು 1924ರಲ್ಲಿ. ಗುಂಡಪ್ಪನವರಿಗಾಗ ನಲವತ್ತೂ ತುಂಬಿರಲಿಲ್ಲ. ಮತ್ತೆ ಮದುವೆಯಾಗಲಿಲ್ಲ. ಅವರ ‘ಮಂಕುತಿಮ್ಮನ ಕಗ್ಗ’ ಹೊರಬಂದದ್ದು 1943ರಲ್ಲಿ. ನಡುವಿನ ಆ ವರ್ಷಗಳನ್ನು ಸ್ವಲ್ಪ ಎಣಿಸಿ ನೋಡು. ಕಗ್ಗವನ್ನು ನಾವು ಸಮಾಧಾನದ ಪುಸ್ತಕವೆಂದು ಮದುವೆ ಮುಂಜಿಗೆಲ್ಲ ಉಡುಗೊರೆ ಕೊಡುತ್ತೇವೆ. ಬಿಡಿಸಿ ಓದಿದರೆ ಮೊದಲ ಕೆಲವು ಪದ್ಯಗಳಲ್ಲೇ ಶಂಕೆ ಎದ್ದು ನಿಲ್ಲುತ್ತದೆ: ಬಾಳಿಗೆ ಅರ್ಥವುಂಟೇ, ಲೋಕಕ್ಕೆ ಉಂಟೇ ಎಂದು. ಅಷ್ಟು ಶಾಸ್ತ್ರ ಬಲ್ಲವರೇ ಕೇಳಿದ್ದನ್ನು ನೀನೂ ಕೇಳಬಹುದು. ದೇವರ ಕೋಣೆಯಲ್ಲೇ ಕೂತು ಕೇಳು.

ಅವರು ಒಬ್ಬರೇ ಕೂತು ಕೊರಗಲೂ ಇಲ್ಲ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು, ಅಲ್ಲಿ ಹುಡುಗರನ್ನು ಕೂರಿಸಿಕೊಂಡು ಪಾಠ ಹೇಳಿದರು. ಗೀತೆಯನ್ನು ಸಂಸಾರಿಗಳ ಪುಸ್ತಕವೆಂದು ಓದಿದ ಅವರ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ದೊಡ್ಡದಲ್ಲ, ನನ್ನ ಲೆಕ್ಕದಲ್ಲಿ ಆ ಪಾಠವೇ ದೊಡ್ಡದು. ದುಃಖ ಕಂಡ ಮನಸ್ಸು ನಾಲ್ಕು ಜನರ ನಡುವೆ ಕೂತಾಗಲೇ ಮೆಲ್ಲಗೆ ಚಿಗುರುತ್ತದೆ.

ದೊಡ್ಡ ವ್ರತ ಹಿಡಿಯಬೇಡ, ಹರಕೆ ಹೊತ್ತು ಊರೂರು ತಿರುಗಬೇಡ. ಒಂದೇ ಒಂದು ಸಣ್ಣ ನೇಮ ಇಟ್ಟುಕೋ. ಸಂಜೆ ದೀಪ ಹಚ್ಚಿ ಐದು ನಿಮಿಷ ಕೂರುವುದಾದರೂ ಸರಿ. ಅನ್ನಿಸಿದರೂ ಅನ್ನಿಸದಿದ್ದರೂ ಮಾಡು. ಭಾವ ಬರಲಿ ಎಂದು ಕಾದರೆ ನೇಮ ತಪ್ಪುತ್ತದೆ, ನೇಮ ಉಳಿದರೆ ಭಾವಕ್ಕೆ ಬರುವ ದಾರಿ ಇರುತ್ತದೆ. ಆರು ತಿಂಗಳಲ್ಲಿ ಸರಿಹೋಗಬೇಕು ಎಂದು ಗಡುವು ಹಾಕುವವರ ಮಾತು ಕೇಳಬೇಡ. ಆದರೆ ವಾರಗಟ್ಟಲೆ ಊಟ ನಿದ್ದೆ ಬಿಟ್ಟುಹೋದರೆ ವೈದ್ಯರಿಗೆ ತೋರಿಸು; ಅದಕ್ಕೂ ಭಕ್ತಿಗೂ ಸಂಬಂಧವಿಲ್ಲ.

ಶನಿವಾರ ಭಜನೆ ಇದೆ. ಹಾಡಲೇಬೇಕೆಂದಿಲ್ಲ, ತಾಳ ಹಿಡಿದು ಕೂತರೂ ಆಯಿತು. ಸಂಜೆ ಆರಕ್ಕೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.