ಹರಾಜುಕಟ್ಟೆಯಲ್ಲಿ ಕ್ರಯವಿಕ್ರಯ ಧರ್ಮ

ಕಾಯಕವೆಂದರೆ ಕೇವಲ ದುಡಿಮೆಯಲ್ಲ. ದುಡಿದುದನ್ನು ಮಾರುವ ರೀತಿಯೂ ಕೊಳ್ಳುವ ರೀತಿಯೂ ಕಾಯಕದೊಳಗೇ ಸೇರಿವೆ. ಹೊಲದಲ್ಲಿ ನಿಷ್ಠೆಯಿಂದ ದುಡಿದವನು ಮಾರುಕಟ್ಟೆಯಲ್ಲಿ ವಂಚಿಸಿದರೆ ಅವನ ಕಾಯಕವು ಅರ್ಧದಲ್ಲಿಯೇ ಕೆಟ್ಟಿತೆಂದು ತಿಳಿಯಬೇಕು. ಇದನ್ನು ವಿಚಾರಿಸುವುದಕ್ಕೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹೊಗೆಸೊಪ್ಪಿನ ಹರಾಜು ತಕ್ಕ ನಿದರ್ಶನವಾಗಿದೆ.

ಈ ಸೀಮೆಯ ಹಗುರವಾದ ಕೆಂಪು ಮಣ್ಣಿನಲ್ಲಿ ಮುಂಗಾರು ಮಳೆಯ ಆಸರೆಯಿಂದ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವುದು. ಎಲೆಯನ್ನು ಮುರಿದು, ಬ್ಯಾರನ್ನಿನಲ್ಲಿ 5-6 ದಿನ ಕಾವು ಕೊಟ್ಟು ಹದಗೊಳಿಸಿ, ಮನೆಮಂದಿಯೆಲ್ಲ ಕುಳಿತು ದರ್ಜೆವಾರು ವಿಂಗಡಿಸಿ ಬೇಲು ಕಟ್ಟುವರು. ಈ ಸೊಪ್ಪು ದೇಹಕ್ಕೆ ಹಾನಿಕರವೆಂಬುದು ನಿರ್ವಿವಾದ. ಬದಲಿ ಬೆಳೆಯ ವಿಚಾರವನ್ನು ಗೃಹಸ್ಥರು ಚಿಂತಿಸತಕ್ಕದ್ದೇ. ಆದರೆ ಬೆಳೆಯು ಮನೆಯಲ್ಲಿರುವವರೆಗೆ ಅದನ್ನು ಮಾರುವಲ್ಲಿ ನೇರವಾಗಿ ನಡೆಯುವ ಹೊಣೆ ತಪ್ಪದು. ಬ್ಯಾಂಕಿನ ಸಾಲ, ಸೌದೆಯ ಬೆಲೆ, ಆಳಿನ ಕೂಲಿ, ಮಕ್ಕಳ ವಿದ್ಯೆ ಎಲ್ಲವೂ ಆ ಬೇಲುಗಳನ್ನೇ ನಂಬಿಕೊಂಡಿವೆ.

1975ರ ಅಧಿನಿಯಮದಂತೆ ಏರ್ಪಟ್ಟ ತಂಬಾಕು ಮಂಡಳಿಯು 1984ರಲ್ಲಿ ಕರ್ನಾಟಕದಲ್ಲಿ ಹರಾಜನ್ನು ಆರಂಭಿಸಿತು. ಮೊದಲು ಕೂಗಿ ನಡೆಯುತ್ತಿದ್ದ ಹರಾಜು ಈಗ ವಿದ್ಯುನ್ಮಾನ ಪದ್ಧತಿಯಿಂದ ನಡೆಯುತ್ತಿದೆ. ಬೇಲನ್ನು ತೂಗಿ, ಸಂಖ್ಯೆ ಕೊಟ್ಟು, ದರ್ಜೆ ಗುರುತಿಸಿ ಸಾಲಾಗಿ ಇಡುವರು. ಖರೀದಿದಾರರು ಕೈಯಲ್ಲಿ ಹಿಡಿದ ಯಂತ್ರದಲ್ಲಿ ಕಿಲೋಗ್ರಾಂ ಒಂದಕ್ಕೆ ಇಷ್ಟೆಂದು ಬೆಲೆಯನ್ನು ನಮೂದಿಸುವರು. ಹೆಚ್ಚು ನಮೂದಿಸಿದವರಿಗೆ ಬೇಲು ಸಲ್ಲುವುದು. ಆ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ಬೆಳೆಗಾರನಿಗುಂಟು. ಇದರಿಂದ ಕೂಗಾಟವೂ ಲೆಕ್ಕದ ಗೊಂದಲವೂ ತಗ್ಗಿದವು. ಆದರೆ ಯಂತ್ರವು ಬೇಲಿನ ಒಳಗೆ ಏನಿದೆಯೆಂಬುದನ್ನು ಕಾಣದು. ಕೊಳ್ಳುವವರು ಮೊದಲೇ ತಮ್ಮೊಳಗೆ ಏನು ಮಾತಾಡಿಕೊಂಡರೆಂಬುದನ್ನು ಕೇಳದು. ಆ ಎರಡು ಎಡೆಗಳಲ್ಲಿ ಮನುಷ್ಯನ ನಡತೆಯೇ ಕಾವಲು.

ಮಾರುವವನ ಧರ್ಮವೇನು? ಗಿಡದ ಬುಡದ ಎಲೆ, ನಡುವಿನ ಎಲೆ, ತುದಿಯ ಎಲೆ ಇವುಗಳ ಗುಣ ಬೇರೆ ಬೇರೆ. ಮೇಲೆ ಹೊನ್ನಿನ ಬಣ್ಣದ ಎಲೆಯನ್ನು ಹೊದಿಸಿ ನಡುವೆ ಕಳಪೆ ಎಲೆಯನ್ನು ಅಡಗಿಸುವುದು ಕಳವಿಗೆ ಸಮಾನ. ತೂಕಕ್ಕಾಗಿ ತೇವವನ್ನು ಉಳಿಸಿದರೆ ದಾಸ್ತಾನಿನಲ್ಲಿ ಬೂಷ್ಟು ಹಿಡಿಯುವುದು. ಪ್ಲಾಸ್ಟಿಕ್ ದಾರ, ಕಡ್ಡಿ, ಕಲ್ಲುಗಳನ್ನು ಆರಿಸಿ ತೆಗೆಯಬೇಕು. ಒಬ್ಬನ ಬೇಲಿನಲ್ಲಿ ಮೋಸ ಕಂಡರೆ ಖರೀದಿದಾರನು ಪಕ್ಕದವನ ಬೇಲನ್ನೂ ಶಂಕಿಸಿ ಬೆಲೆ ಇಳಿಸುವನು; ನಿರಪರಾಧಿಯು ದಂಡ ತೆರುವನು. ಆಯ್ದಕ್ಕಿಯ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಸುರಿದುಬರಲು ಹಿಂದಕ್ಕೆ ಕಳುಹಿದ ಪ್ರಸಂಗವನ್ನು ಭಕ್ತರೆಲ್ಲರೂ ಬಲ್ಲರು. ನೀರಿನಿಂದ ಹೆಚ್ಚಿದ ತೂಕದ ಹಣವು ಅಂತಹ ಹೆಚ್ಚಿನ ಅಕ್ಕಿಗಿಂತಲೂ ಕೀಳಾದುದು. ಅಲ್ಲಿ ಆಸೆ ಮಾತ್ರವಿದ್ದಿತು, ಇಲ್ಲಿ ಆಸೆಯೊಡನೆ ವಂಚನೆಯೂ ಸೇರಿದೆ.

ಕೊಳ್ಳುವವನ ಧರ್ಮವು ಇದಕ್ಕಿಂತ ಕಿರಿದಲ್ಲ. ಬಲವುಳ್ಳವನಿಗೆ ಹೊಣೆ ಹೆಚ್ಚು. ಬೇಲನ್ನು ಚೆನ್ನಾಗಿ ನೋಡಿ ಅದರ ಯೋಗ್ಯತೆಗೆ ತಕ್ಕ ಬೆಲೆ ಒತ್ತಬೇಕು. ಒತ್ತಿದ ಬೆಲೆಯು ಆಡಿದ ಮಾತಿಗೆ ಸಮ. ಅದರಿಂದ ಹಿಂದೆ ಸರಿಯಬಾರದು. ಇಷ್ಟರ ಮೇಲೆ ಏರಬಾರದೆಂದು ಹಲವರು ಗುಟ್ಟಾಗಿ ಒಪ್ಪಂದ ಮಾಡಿಕೊಂಡರೆ ಹರಾಜೆಂಬ ಹೆಸರೇ ಸುಳ್ಳಾಗುವುದು. ಬಾಡಿಗೆ ಗಾಡಿಯಲ್ಲಿ ಬೇಲು ತಂದ ರೈತನು ಅದನ್ನು ಹಿಂದಕ್ಕೆ ಒಯ್ಯಲಾರನೆಂದು ತಿಳಿದು ಬೆಲೆ ಕುಗ್ಗಿಸುವುದು ಕ್ರೌರ್ಯ. ಸಾಲಗಾರನ ಅವಸರವನ್ನು ಕಂಡು ಹರಾಜಿನ ಹೊರಗೆ ಅಗ್ಗವಾಗಿ ಕೊಳ್ಳುವುದು ನ್ಯಾಯಕ್ಕೂ ನಿಯಮಕ್ಕೂ ವಿರುದ್ಧ.

ಬೆಲೆ ಒಪ್ಪದಿದ್ದಾಗ ಬೆಳೆಗಾರನು ಬೈಗುಳವಿಲ್ಲದೆ ಬೇಡವೆನ್ನಲಿ. ಖರೀದಿದಾರನು ಅದನ್ನು ಹಗೆಯೆಂದು ಎಣಿಸದೆ ಮರುದಿನ ಅದೇ ಬೇಲನ್ನು ನ್ಯಾಯದ ಕಣ್ಣಿನಿಂದ ನೋಡಲಿ. ತಪ್ಪು ಕಂಡಲ್ಲಿ ಇಬ್ಬರೂ ಹರಾಜು ಅಧಿಕಾರಿಯ ಮುಂದೆ ಹೇಳಿಕೊಳ್ಳುವುದು ಯೋಗ್ಯ.

ಇಷ್ಟಲಿಂಗವನ್ನು ಧರಿಸಿದ ಕೈಯೇ ಬೇಲನ್ನು ಕಟ್ಟುವುದು, ಆ ಕೈಯೇ ಬೆಲೆಯನ್ನು ಒತ್ತುವುದು. ಪೂಜೆಗೆ ಒಂದು ಕೈ, ವ್ಯಾಪಾರಕ್ಕೆ ಇನ್ನೊಂದು ಕೈ ಎಂಬುದಿಲ್ಲ. ಬೇಲನ್ನು ಬಿಚ್ಚಿದಾಗ ಹೊರಗೆ ಕಂಡ ಎಲೆಯೇ ಒಳಗೂ ಕಾಣುವಂತೆ ನಡೆದುಕೊಂಡ ಗೃಹಸ್ಥನ ಮನೆಗೆ ಬಂದ ಹಣವು ಅಲ್ಪವಾದರೂ ದಾಸೋಹಕ್ಕೆ ಸಲ್ಲುವುದು.