ಕಾಲು ಮೈಲಿಯ ಲೆಕ್ಕ

ಎರಡು ಕಾರುಗಳು ನೇರ ದಾರಿಯಲ್ಲಿ ಸಾಮಾನ್ಯವಾಗಿ ಕಾಲು ಮೈಲಿ ಓಡುವ ಅಮೆರಿಕದ ಡ್ರ್ಯಾಗ್ ರೇಸಿನಲ್ಲಿ ಟಿವಿಯಲ್ಲಿ ಕಾಣುವ ಹೆಸರುಗಳು ಕೆಲವೇ. 1951ರಲ್ಲಿ ವಾಲಿ ಪಾರ್ಕ್ಸ್ ಕಟ್ಟಿದ ಎನ್‌ಎಚ್‌ಆರ್‌ಎ ಸಂಸ್ಥೆಯ ಏಳು ವಲಯಗಳಲ್ಲಿ ಓಡಿಸುವ ಬಹುಪಾಲು ಮಂದಿ ವಾರವಿಡೀ ಬೇರೆ ಕೆಲಸದಲ್ಲಿದ್ದು, ವಾರಾಂತ್ಯಕ್ಕೆ ಕಾರನ್ನು ಟ್ರೇಲರ್‌ಗೆ ಏರಿಸಿಕೊಂಡು ಹೊರಡುವವರು. ಅವರಲ್ಲಿ ಮೂವತ್ತು ನಲವತ್ತು ವರ್ಷ ಟ್ರ್ಯಾಕ್ ಬಿಡದ ಹಳಬರಿದ್ದಾರೆ. ದುಡ್ಡಿನ ಲೆಕ್ಕದಲ್ಲೇ ಬದುಕನ್ನು ನೋಡುತ್ತ ಬಂದ ನನಗೆ ಅವರ ವೇಗಕ್ಕಿಂತ ಈ ಬಾಳಿಕೆ ದೊಡ್ಡದಾಗಿ ಕಾಣುತ್ತದೆ. ವರ್ಷಕ್ಕೆ ಎಷ್ಟು ಕಳೆದುಕೊಳ್ಳಬಹುದು ಎಂದು ಮೊದಲೇ ಗೆರೆ ಎಳೆದುಕೊಂಡವರು ಮಾತ್ರ ಅಷ್ಟು ಕಾಲ ಉಳಿಯುತ್ತಾರೆ ಎಂಬುದು ನನ್ನ ವಾದ.

ಆ ಗೆರೆ ಎಳೆಯಲು ಆಟದ ನಿಯಮವೇ ಅವಕಾಶ ಕೊಡುತ್ತದೆ. ಮೇಲಿನ ಟಾಪ್ ಫ್ಯುಯೆಲ್ ವರ್ಗದಲ್ಲಿ ಸುಮಾರು 11,000 ಅಶ್ವಶಕ್ತಿಯ ಎಂಜಿನನ್ನು ಒಂದೊಂದು ಓಟದ ನಂತರವೂ ಬಿಚ್ಚಿ ಜೋಡಿಸಬೇಕು. ಪ್ರಾಯೋಜಕರಿಲ್ಲದೆ ಅದು ಆಗದ ಮಾತು. ವಾರಾಂತ್ಯದ ಚಾಲಕರ ಬ್ರಾಕೆಟ್ ರೇಸಿಂಗ್ ಹಾಗಲ್ಲ. ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಗುರಿ ಮುಟ್ಟುತ್ತದೆ ಎಂದು ಚಾಲಕ ಮೊದಲೇ ಗಾಜಿನ ಮೇಲೆ ಬರೆಯುತ್ತಾನೆ. 12 ಸೆಕೆಂಡಿನ ಕಾರಿಗೆ 10 ಸೆಕೆಂಡಿನ ಕಾರಿಗಿಂತ ಎರಡು ಸೆಕೆಂಡು ಮೊದಲು ಹಸಿರು ದೀಪ. ಬರೆದದ್ದಕ್ಕಿಂತ ವೇಗವಾಗಿ ಓಡಿದರೆ ಸಾಮಾನ್ಯವಾಗಿ ಸೋಲು. ಅಂದಮೇಲೆ ಹೊಸ ಎಂಜಿನ್‌ಗೆ ಸುರಿದ ದುಡ್ಡು ಗೆಲುವನ್ನು ಕೊಳ್ಳಲಾರದು. ಹಸಿರಿಗೆ ಮೊದಲು ಅರ್ಧರ್ಧ ಸೆಕೆಂಡಿಗೆ ಇಳಿಯುವ ಹಳದಿ ದೀಪಗಳನ್ನು ಓದುವ ಕಣ್ಣು, ಹವೆ ಬಿಸಿಯಾದರೆ ಕಾರು ಎಷ್ಟು ನಿಧಾನವಾದೀತು ಎಂಬ ಅಂದಾಜು, ಇವೇ ಬಂಡವಾಳ. ಇವು ವರ್ಷಗಳು ಕಳೆದಂತೆ ಬೆಳೆಯುತ್ತವೆ, ಇವಕ್ಕೆ ಕಂತು ಕಟ್ಟಬೇಕಿಲ್ಲ.

ಆದರೂ ಇದು ದುಂದು ಎನ್ನುವವರ ಮಾತಿನಲ್ಲಿ ತೂಕವಿದೆ. ರೇಸಿಗೆ ವರ್ಷಕ್ಕೆ 10,000 ಡಾಲರ್ ಎಂದಿಟ್ಟುಕೊಳ್ಳಿ. ಅದನ್ನೇ ಶೇಕಡಾ 6ರ ಚಕ್ರಬಡ್ಡಿಗೆ ಹಾಕುತ್ತ ಹೋಗಿದ್ದರೆ 30 ವರ್ಷಕ್ಕೆ ಸುಮಾರು 7,90,000 ಡಾಲರ್. ಲೆಕ್ಕ ಸರಿ. ನಿವೃತ್ತಿಯ ಹಣ ಎತ್ತಿಟ್ಟ ಮೇಲೆ ಉಳಿದದ್ದರಲ್ಲಿ ರೇಸಿಗೆ ಹೋದರೆ ಅದು ಪ್ರವಾಸದಂತೆ ಒಂದು ಖರ್ಚು. ಮನೆ ಅಡವಿಟ್ಟು ಹೋದರೆ ಅನಾಹುತ. ಇದನ್ನು ಹೂಡಿಕೆ ಎಂದು ಕರೆಯುವುದಷ್ಟೇ ತಪ್ಪು. ಅಮೆರಿಕದ ತೆರಿಗೆ ಕಾನೂನು ಈ ವಿಷಯದಲ್ಲಿ ನಿಷ್ಠುರ: ಲಾಭದ ಉದ್ದೇಶ ತೋರಿಸಲಾಗದ ಹವ್ಯಾಸವಾದರೆ ಬಹುಮಾನಕ್ಕೆ ತೆರಿಗೆ ಕಟ್ಟಬೇಕು, ಟೈರು, ಇಂಧನದ ಖರ್ಚನ್ನು 2018ರಿಂದ ಕಳೆಯುವಂತಿಲ್ಲ. ಗೆದ್ದ ವರ್ಷವೂ ಕೈಯಿಂದ ಹೋಗಬಹುದು.

ಇದರಲ್ಲೇ ಜೀವನ ಮಾಡಿದವರಿಲ್ಲವೇ? ಇದ್ದಾರೆ. ನ್ಯೂಯಾರ್ಕ್ ರಾಜ್ಯದ ಡ್ಯಾನ್ ಫ್ಲೆಚರ್ 1969ರ ಕಮಾರೊ ಕಾರಿನಲ್ಲಿ ಈ ಕೆಳ ವರ್ಗಗಳಲ್ಲೇ ಪೂರ್ಣಾವಧಿ ಓಡಿಸಿ ಹೆಸರು ಮಾಡಿದರು. ಅಂಥವರು ಬೆರಳೆಣಿಕೆ, ಅವರನ್ನು ತೋರಿಸಿ ಯಾರಿಗೂ ಕೆಲಸ ಬಿಡಿ ಎಂದು ನಾನು ಹೇಳಲಾರೆ. ಅದರಲ್ಲೂ ಈಗ ಟ್ರ್ಯಾಕುಗಳೇ ಕರಗುತ್ತಿವೆ: ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್ 2018ರಲ್ಲಿ ಡ್ರ್ಯಾಗ್ ರೇಸ್ ನಿಲ್ಲಿಸಿತು, ಡೆನ್ವರ್ ಬಳಿಯ ಬ್ಯಾಂಡಿಮಿಯರ್‌ನಲ್ಲಿ 2023 ಕೊನೆಯ ಋತು. ಹತ್ತಿರದ ಟ್ರ್ಯಾಕ್ ಮುಚ್ಚಿದರೆ ಡೀಸೆಲ್, ವಸತಿ ಎರಡೂ ಏರುತ್ತವೆ. ಗೆರೆ ಮೀರದವರು ಆಗ ಸಾಲ ಮಾಡುವುದಿಲ್ಲ; ಹತ್ತು ರೇಸಿನ ಬದಲು ಆರಕ್ಕೆ ಹೆಸರು ಕೊಡುತ್ತಾರೆ.